ಕೂಸು ಯಾರ ಹತ್ತಿರ ಇರಬೇಕು?

(ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ವರದಕ್ಷಿಣೆಯ ಬಗ್ಗೆ, ಹೊಡೆತ-ಬಡಿತದ ಬಗ್ಗೆ ನಾವು ಇಂಥ ಸಭೆಗಳಲ್ಲಿ ಬಹಳ ಮಾತಾಡಿದ್ದೇವೆ. ಆದರೆ ಸಭೆ ಮುಗಿದು ಚಹಾ ಕುಡಿಯುವ ಹೊತ್ತಿಗೆ ಯಾರಾದರೂ ಒಬ್ಬರು ನನ್ನನ್ನು ಬದಿಗೆ ಕರೆದು ಕೇಳುವ ಪ್ರಶ್ನೆ ಬೇರೆ. "ಅಕ್ಕಾರ, ನಾ ಆ ಮನಿ ಬಿಟ್ಟು ಬಂದ್ರ ಮಕ್ಕಳು ನನ್ನ ಕಡೆ ಉಳೀತಾವೇನ್ರಿ?" ಪೆಟ್ಟು ತಿಂದುಕೊಂಡು ಗಂಡನ ಮನೆಯಲ್ಲೇ ಉಳಿದ ಹೆಂಗಸರನ್ನು ನಾವು ಅಂಜುಬುರುಕರು ಅನ್ನುತ್ತೇವೆ. ಅವರಲ್ಲಿ ಎಷ್ಟೋ ಮಂದಿ ಗಂಡನಿಗೆ ಅಂಜಿದವರಲ್ಲ. ಮಕ್ಕಳನ್ನು ಕಸಿದುಕೊಂಡಾರು ಎಂದು ಅಂಜಿದವರು. "ಹೋಗೋದಾದ್ರ ನೀ ಹೋಗು, ಹುಡುಗನ್ನ ಇಲ್ಲೇ ಬಿಟ್ಟು ಹೋಗು" ಎಂಬ ಒಂದು ಮಾತು ಸಾಕು, ಹೊಸ್ತಿಲು ದಾಟಿದವಳು ತಿರುಗಿ ಒಳಗೆ ಬರುತ್ತಾಳೆ. ಅದಕ್ಕೇ ಇವತ್ತು ಈ ಒಂದು ವಿಷಯವನ್ನೇ ಹಿಡಿದು ಮಾತಾಡುತ್ತೇನೆ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ನಾನು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸಿದವಳು. 1991ರ ಸುಮಾರಿಗೆ ನಮ್ಮ ಓಣಿಯ ಮಗಳೊಬ್ಬಳು ರಾತ್ರೋರಾತ್ರಿ ತವರಿಗೆ ಬಂದಳು. ಹೆಸರು ಬೇಡ. ಮದುವೆಯಲ್ಲಿ ಮಾತಾಡಿದ ಬಂಗಾರದಲ್ಲಿ ಎರಡು ತೊಲೆ ಬಾಕಿ ಇತ್ತು. ಆ ಎರಡು ತೊಲೆಗಾಗಿ ನಾಲ್ಕು ವರ್ಷ ಬೈಗುಳ, ಹೊಡೆತ. ಅವತ್ತು ಕಂಕುಳಲ್ಲಿ ಮೊಲೆ ಕುಡಿಯುವ ಹೆಣ್ಣುಕೂಸು ಇತ್ತು. ಮೂರು ವರ್ಷದ ಮಗನನ್ನು ಅತ್ತೆ ಒಳಗೆ ಎಳೆದುಕೊಂಡು ಬಾಗಿಲು ಹಾಕಿದ್ದಳು. ಮರುದಿನ ಮುಂಜಾನೆ ಆಕೆ ನನ್ನ ಹತ್ತಿರ ಬಂದು, "ಅಕ್ಕಾರ, ನೀವು ಓದಿದವರು. ಹುಡುಗನ್ನ ಹೆಂಗ ತರೂದು ಹೇಳ್ರಿ" ಎಂದಳು. ನಾನು ಓದಿದವಳ ಗತ್ತಿನಲ್ಲಿಯೇ ಉತ್ತರ ಕೊಟ್ಟೆ: "ಕಾನೂನಿನ ಪ್ರಕಾರ ತಂದೆಯೇ ಪಾಲಕ. ಸ್ವಲ್ಪ ತಡಿ, ಹಿರಿಯರು ಕೂತು ಮಾತಾಡಲಿ."

ಆಕೆ ತಡೆದಳು. ಹಿರಿಯರು ನಾಲ್ಕು ಸಲ ಕೂತು ಎದ್ದರು. ಎರಡು ವರ್ಷ ಕಳೆಯಿತು. ಹುಡುಗನಿಗೆ ಐದು ತುಂಬಿ ಶಾಲೆಗೆ ಸೇರಿದ. ಕೊನೆಗೆ ಕೋರ್ಟಿಗೆ ಹೋದಾಗ ಆತ ಅಜ್ಜಿಯ ಸೆರಗಿನ ಹಿಂದೆ ಅಡಗಿ ನಿಂತ. ತಾಯಿ ಶೇಂಗಾ ಉಂಡಿ ಕೊಡಲು ಕೈ ಮುಂದೆ ಮಾಡಿದರೆ ಅಜ್ಜಿಯ ಮುಖ ನೋಡಿದ. ಹುಡುಗ ಅಲ್ಲಿ ರೂಢಿಯಾಗಿದ್ದಾನೆ, ಅಲ್ಲೇ ಇರಲಿ, ರಜೆಯಲ್ಲಿ ತಾಯಿಯ ಹತ್ತಿರ ಹೋಗಿ ಬರಲಿ ಎಂದು ಆದೇಶವಾಯಿತು. ರಜೆಗೆ ಕಳಿಸಿದ್ದು ಎರಡೋ ಮೂರೋ ಸಲ. ಅವನು ತಾನಾಗಿ ತಾಯಿಯ ಮನೆಗೆ ಬಂದದ್ದು ತಂಗಿಯ ಮದುವೆಯ ದಿನ. ಬಂದವನು ಆಕೆಯನ್ನು 'ಅವ್ವಾ' ಎನ್ನಲಿಲ್ಲ, 'ನೀವು' ಎಂದ.

ನನ್ನ ತಪ್ಪು ಏನು ಗೊತ್ತೇ? ನಾನು ಹೇಳಿದ್ದು ಸುಳ್ಳಲ್ಲ, ಅರ್ಧ ಸತ್ಯ. 1956ರ ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪಾಲಕತ್ವ ಕಾಯ್ದೆಯ 6ನೇ ಕಲಮಿನಲ್ಲಿ, ಮಗುವಿನ ಸ್ವಾಭಾವಿಕ ಪಾಲಕ ತಂದೆ, ಅವನ ನಂತರ ತಾಯಿ ಎಂದು ಬರೆದಿದೆ. ನಾನು ಅಷ್ಟಕ್ಕೇ ನಿಂತೆ. ಅದೇ ಕಲಮಿನಲ್ಲಿ ಮುಂದೆಯೇ, ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರವೇ ಇರಬೇಕು ಎಂದೂ ಬರೆದಿದೆ. ಆ ಹುಡುಗನಿಗೆ ಆಗ ಮೂರು ವರ್ಷ. ಅಂದೇ ಅರ್ಜಿ ಹಾಕಿದ್ದರೆ ಕಾನೂನು ಆಕೆಯ ಕಡೆಗಿತ್ತು. "ತಡಿ" ಎಂದ ನನ್ನ ಒಂದು ಮಾತಿನಿಂದ ಆ ಎರಡು ವರ್ಷ ಹೋದವು. ಅದಕ್ಕೇ ಇವತ್ತು ಪೂರ್ತಿ ಹೇಳಬೇಕೆಂದು ಬಂದಿದ್ದೇನೆ.

ಈ 'ತಂದೆಯೇ ಪಾಲಕ' ಎಂಬ ಮಾತು ಎಲ್ಲಿಂದ ಬಂತು? ನಮ್ಮ ನರಗುಂದದ ಬಾಬಾಸಾಹೇಬರ ಕಥೆ ನಿಮಗೆಲ್ಲ ಗೊತ್ತು. ಗಂಡುಮಗನನ್ನು ದತ್ತಕ ತೆಗೆದುಕೊಳ್ಳಲು ಕಂಪನಿ ಸರಕಾರ ಒಪ್ಪಲಿಲ್ಲವೆಂಬುದು 1858ರ ನರಗುಂದದ ಬಂಡಾಯಕ್ಕೆ ಒಂದು ದೊಡ್ಡ ಕಾರಣ. ಆ ಕಾಲದಲ್ಲಿ ಮಗು ಎಂದರೆ ವಾರಸುದಾರ, ಸಂಸ್ಥಾನ ಉಳಿಸುವವನು. ಸಂಸ್ಥಾನಗಳು ಹೋಗಿ ಎಷ್ಟೋ ವರ್ಷವಾಯಿತು. ಎರಡೆಕರೆ ಎರೆಹೊಲ ಇದ್ದವನೂ "ಅವ ನಮ್ಮ ವಂಶದ ಕುಡಿ" ಎನ್ನುವುದು ಮಾತ್ರ ಹೋಗಿಲ್ಲ. ಹಿರಿಯರ ಪಂಚಾಯಿತಿಯಲ್ಲಿ ಸೋಡಚೀಟಿ ಬರೆಯುವಾಗ "ಗಂಡುಹುಡುಗ ಅವರಿಗೆ, ಹೆಣ್ಣುಹುಡುಗಿ ಇವಳಿಗೆ" ಎಂದು ದನ-ಕರು ಹಂಚಿದಂತೆ ಹಂಚುತ್ತಾರೆ. ಅಣ್ಣ-ತಂಗಿ ಬೇರೆಯಾದರು ಎಂಬ ಯೋಚನೆ ಆ ಕಟ್ಟೆಯ ಮೇಲೆ ಕೂತವರಿಗೆ ಬರುವುದಿಲ್ಲ.

ಕಾನೂನು ಈಗ ಹಾಗೆ ಹೇಳುವುದಿಲ್ಲ. ಅದೇ 1956ರ ಕಾಯ್ದೆಯ 13ನೇ ಕಲಮು, ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು ಎನ್ನುತ್ತದೆ. ಮಕ್ಕಳು ತಂದೆ-ತಾಯಿಯರ ಸೊತ್ತೂ ಅಲ್ಲ, ಆಟದ ಗೊಂಬೆಯೂ ಅಲ್ಲ ಎಂಬರ್ಥದ ಮಾತನ್ನು ಸುಪ್ರೀಂ ಕೋರ್ಟು 1973ರಷ್ಟು ಹಿಂದೆಯೇ ಹೇಳಿತು. ಕೋರ್ಟು ಕೇಳುವುದು "ಇದು ಯಾರ ಮಗು" ಎಂದಲ್ಲ, "ಈ ಮಗು ಎಲ್ಲಿ ಚೆನ್ನಾಗಿ ಬೆಳೆದೀತು" ಎಂದು. ಈ ವ್ಯತ್ಯಾಸವನ್ನು ನೀವು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. "ನಾನು ಹೆತ್ತವಳು" ಎಂದಷ್ಟೇ ಹೇಳಿದರೆ ಸಾಲದು. ಮಗುವಿಗೆ ಯಾರು ಉಣಿಸುತ್ತಾರೆ, ಜ್ವರ ಬಂದಾಗ ದವಾಖಾನೆಗೆ ಯಾರು ಒಯ್ದರು, ಶಾಲೆಗೆ ಯಾರು ಕಳಿಸುತ್ತಾರೆ, ಅದು ಯಾರ ಹತ್ತಿರ ಹೆದರದೆ ಮಲಗುತ್ತದೆ, ಇವನ್ನು ತೋರಿಸಬೇಕು.

'ನಂತರ' ಎಂಬ ಶಬ್ದದ ಮೇಲೂ ಒಂದು ದೊಡ್ಡ ಹೋರಾಟ ನಡೆದಿದೆ. ಲೇಖಕಿ ಗೀತಾ ಹರಿಹರನ್ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡು ಕೊಳ್ಳಲು ಹೋದಾಗ, ತಾಯಿಯ ಸಹಿ ನಡೆಯುವುದಿಲ್ಲ, ತಂದೆಯ ಸಹಿ ಬೇಕು ಎಂದರು. ಅವರು ಸುಪ್ರೀಂ ಕೋರ್ಟಿಗೆ ಹೋದರು. 1999ರ ಫೆಬ್ರುವರಿಯಲ್ಲಿ ತೀರ್ಪು ಬಂತು. 'ತಂದೆಯ ನಂತರ' ಎಂದರೆ 'ತಂದೆ ಸತ್ತ ಮೇಲೆ' ಎಂದೇ ಅರ್ಥವಲ್ಲ. ತಂದೆ ಮಗುವಿನ ಹೊಣೆ ಹೊರದೆ ದೂರವಾಗಿದ್ದರೆ ಆತ ಬದುಕಿದ್ದಾಗಲೂ ತಾಯಿ ಪಾಲಕಳಾಗಬಹುದು ಎಂದು. ಕಾನೂನು ಆಯೋಗ 2015ರಲ್ಲಿ ತನ್ನ 257ನೇ ವರದಿಯಲ್ಲಿ ತಂದೆಗೆ ಮೊದಲ ಸ್ಥಾನ ಕೊಡುವ ಆ ಮಾತನ್ನೇ ತೆಗೆಯಬೇಕೆಂದು ಶಿಫಾರಸು ಮಾಡಿತು. ಆದರೆ ಪುಸ್ತಕದಲ್ಲಿ ಅದು ಇನ್ನೂ ಹಾಗೆಯೇ ಇದೆ. ಅದು ಬದಲಾಗುವವರೆಗೆ ಮಹಿಳಾ ಚಳವಳಿ ಈ ಬೇಡಿಕೆಯನ್ನು ಬಿಡಬಾರದು.

ಇಲ್ಲಿ ಎರಡು ಶಬ್ದ ಬೇರೆ ಬೇರೆ ತಿಳಿದುಕೊಳ್ಳಿ. ಪಾಲಕತ್ವ ಎಂದರೆ ಮಗುವಿನ ಪರವಾಗಿ ನಿರ್ಧಾರ ಮಾಡುವ, ಆಸ್ತಿ ನೋಡುವ ಅಧಿಕಾರ. ಕಸ್ಟಡಿ ಎಂದರೆ ಮಗು ದಿನನಿತ್ಯ ಯಾರ ಹತ್ತಿರ ಇರಬೇಕು ಎಂಬುದು. ತಂದೆ ಪಾಲಕ ಎಂದಾಕ್ಷಣ ಮಗು ಅವನ ಮನೆಯಲ್ಲೇ ಇರಬೇಕೆಂದಿಲ್ಲ. ಐದು ತುಂಬಿದ ಕೂಡಲೇ ಮಗುವನ್ನು ಎತ್ತಿ ತಂದೆಗೆ ಕೊಡಬೇಕೆಂದೂ ಇಲ್ಲ. ಐದರ ಮೇಲೆಯೂ ಅಳತೆ ಒಂದೇ, ಮಗುವಿನ ಹಿತ. ತಿಳಿವಳಿಕೆ ಬಂದ ಮಗುವಾದರೆ ಅದರ ಇಷ್ಟವನ್ನೂ ಜಡ್ಜರು ಕೇಳಬಹುದು. ನಮ್ಮ ಮುಸ್ಲಿಂ ಅಕ್ಕ-ತಂಗಿಯರಿಗೆ, ಹನಫಿ ಪದ್ಧತಿಯಲ್ಲಿ ಗಂಡುಮಗ ಏಳು ವರ್ಷದವರೆಗೆ, ಮಗಳು ದೊಡ್ಡವಳಾಗುವವರೆಗೆ ತಾಯಿಯ ಹತ್ತಿರ ಇರುವ ಹಕ್ಕು ಇದೆ. ಅದಕ್ಕೆ ಹಿಜಾನತ್ ಎನ್ನುತ್ತಾರೆ. ಯಾವ ಧರ್ಮದವರೇ ಇರಲಿ, 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯಲ್ಲಿ ಮಗು ವಾಸವಾಗಿರುವ ಊರಿಗೆ ಸಂಬಂಧಪಟ್ಟ ಕೋರ್ಟಿನಲ್ಲಿ ಅರ್ಜಿ ಹಾಕಬಹುದು. ಕುಟುಂಬ ನ್ಯಾಯಾಲಯ ಇದ್ದಲ್ಲಿ ಅಲ್ಲಿ, ಇಲ್ಲದಿದ್ದರೆ ಜಿಲ್ಲಾ ನ್ಯಾಯಾಲಯದಲ್ಲಿ.

"ಅದೆಲ್ಲ ವರ್ಷಗಟ್ಟಲೆ ಎಳೀತದ್ರಿ" ಎನ್ನುತ್ತೀರಿ, ನಿಜ. ಅದಕ್ಕೇ ಹೊಡೆತ-ಬಡಿತ ಇರುವ ಮನೆಯ ಹೆಂಗಸರಿಗೆ ಇನ್ನೊಂದು ದಾರಿ ಇದೆ. 2005ರಲ್ಲಿ ಆದ, 2006ರ ಅಕ್ಟೋಬರಿನಿಂದ ಜಾರಿಗೆ ಬಂದ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ. ಅದರ 21ನೇ ಕಲಮಿನಲ್ಲಿ ಮ್ಯಾಜಿಸ್ಟ್ರೇಟರು ಮಗುವಿನ ತಾತ್ಕಾಲಿಕ ಕಸ್ಟಡಿಯನ್ನು ನೊಂದ ಹೆಂಗಸಿಗೆ ಕೊಡಬಹುದು. ತಂದೆ ಬಂದು ನೋಡಿದರೆ ಮಗುವಿಗೆ ಕೆಡಕಾಗುತ್ತದೆ ಎಂದು ಕಂಡರೆ ಆ ಭೇಟಿಯನ್ನು ನಿರಾಕರಿಸಲೇಬೇಕು. ನೀವು ತವರಿನಲ್ಲಿ ನಾಲ್ಕು ದಿನದ ಮಟ್ಟಿಗೆ ಇದ್ದರೂ ಅಲ್ಲಿಯ ಕೋರ್ಟಿನಲ್ಲೇ ಅರ್ಜಿ ನಡೆಯುತ್ತದೆ. ಅರ್ಜಿಯನ್ನು ನೀವೇ ಹಾಕಬೇಕೆಂದಿಲ್ಲ. ನಿಮ್ಮ ಪರವಾಗಿ ಸಂಘದ ಗೆಳತಿಯೂ ಹಾಕಬಹುದು. ಸಿಡಿಪಿಒ ಅವರೇ ಸಂರಕ್ಷಣಾಧಿಕಾರಿ. ನಿಮ್ಮೂರ ಅಂಗನವಾಡಿ ಯಾವ ಸಿಡಿಪಿಒ ಕಚೇರಿಗೆ ಸೇರಿದೆಯೋ ಆ ಕಚೇರಿಗೆ ಹೋಗಿ. ವಕೀಲರಿಗೆ ಹಣವಿಲ್ಲವೆಂದು ಹಿಂದೆ ಸರಿಯಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಹೆಂಗಸರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಪುಕ್ಕಟೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಒಂದು ಅರ್ಜಿ ಕೊಟ್ಟರೆ ಆಯಿತು, ಇಲ್ಲವೇ 15100 ಎಂಬ ನಂಬರಿಗೆ ಫೋನು ಮಾಡಿ. ತುರ್ತು ಇದ್ದರೆ 181, ಇಲ್ಲವೇ 112.

ಇನ್ನು ನೀವು ದಿನವೂ ಕೇಳುವ ನಾಲ್ಕು ಹೆದರಿಕೆಯ ಮಾತುಗಳಿಗೆ ಉತ್ತರ ಹೇಳುತ್ತೇನೆ.

ಒಂದು, "ನಿನ್ನ ಹತ್ತಿರ ಏನೈತಿ, ಕೂಲಿ ಮಾಡಾಕಿ, ನಿನಗ್ಯಾರು ಮಗು ಕೊಡ್ತಾರ?" ಹಣವೊಂದೇ ಅಳತೆಯಲ್ಲ. ಮಗುವಿನ ಖರ್ಚಿಗೆ ತಂದೆಯಿಂದ ಜೀವನಾಂಶ ಕೇಳುವ ಹಕ್ಕು ಇದೆ. ಹಿಂದೆ ಸಿಆರ್‌ಪಿಸಿ 125ನೇ ಕಲಮು ಎನ್ನುತ್ತಿದ್ದೆವಲ್ಲ, 2024ರ ಜುಲೈ 1ರಿಂದ ಅದು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು. ನಂಬರು ಬದಲಾಗಿದೆ, ಹಕ್ಕು ಬದಲಾಗಿಲ್ಲ.

ಎರಡು, "ಮಗು ಬೇಕಂದ್ರ ಜೀವನಾಂಶ ಬ್ಯಾಡ ಅಂತ ಸಹಿ ಮಾಡು." ಇದು ವರದಕ್ಷಿಣೆಯ ಇನ್ನೊಂದು ಮುಖ. ಮೊದಲು ಮಗಳನ್ನು ಕೊಡಲು ಹಣ ಕೇಳಿದರು, ಈಗ ಮಗುವನ್ನು ಬಿಡಲು ಹಣ ಉಳಿಸಿಕೊಳ್ಳುತ್ತಾರೆ. ಜೀವನಾಂಶ ಮಗುವಿನ ಹಕ್ಕು. ಅದನ್ನು ತಾಯಿ ಸ್ಟಾಂಪು ಕಾಗದದ ಮೇಲೆ ಸಹಿ ಮಾಡಿ ಬಿಟ್ಟುಕೊಡಲು ಬರುವುದಿಲ್ಲ. ಅಂಥ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ.

ಮೂರು, "ನೀ ಇನ್ನೊಂದು ಲಗ್ನ ಆದ್ರ ಮಗು ಹೋಗ್ತದ." ತಾಯಿ ಮರುಮದುವೆಯಾದಳು ಎಂಬ ಒಂದೇ ಕಾರಣಕ್ಕೆ ಕಸ್ಟಡಿ ತಪ್ಪಿಸಬಾರದೆಂದು ಸುಪ್ರೀಂ ಕೋರ್ಟು 2006ರಲ್ಲಿ ಹೇಳಿದೆ.

ನಾಲ್ಕು, "ಟಿಸಿ ಕೊಡೂದಿಲ್ಲ, ಹೆಂಗ ಶಾಲಿಗೆ ಹಾಕ್ತಿ ನೋಡೋಣ." 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಎಂಟನೆಯ ತರಗತಿಯವರೆಗೆ, ಟಿಸಿ ಬರುವುದು ತಡವಾಯಿತೆಂದು ಅಥವಾ ವಯಸ್ಸಿನ ದಾಖಲೆ ಇಲ್ಲವೆಂದು ಸರಕಾರಿ ಶಾಲೆ ಮಗುವನ್ನು ಹೊರಗಿಡುವಂತಿಲ್ಲ. ತವರಿಗೆ ಬಂದ ವಾರದೊಳಗೇ ಮಗುವನ್ನು ಅಲ್ಲಿಯ ಶಾಲೆಗೆ ಇಲ್ಲವೇ ಅಂಗನವಾಡಿಗೆ ಸೇರಿಸಿ. ಓದು ಕೆಡುವುದಿಲ್ಲ, ಮಗುವಿನ ಹೊಣೆ ನೀವು ಹೊತ್ತಿದ್ದೀರಿ ಎಂಬುದಕ್ಕೆ ದಾಖಲೆಯೂ ಆಗುತ್ತದೆ.

ವರದಕ್ಷಿಣೆಯ ಹಿಂಸೆಗೂ ಮಗುವಿನ ಕಸ್ಟಡಿಗೂ ಏನು ಸಂಬಂಧ ಎಂದು ಕೇಳುವವರು ಇದ್ದಾರೆ. "ಹೆಂಡತಿಗೆ ಹೊಡದಾನ, ಮಗನಿಗೆ ಹೊಡದಿಲ್ಲಲ್ಲ" ಎನ್ನುತ್ತಾರೆ. ಪಶ್ಚಿಮ ಬಂಗಾಳದಿಂದ ಬಂದ ಒಂದು ಪ್ರಕರಣದಲ್ಲಿ ತಾಯಿ ಸತ್ತಿದ್ದಳು. ತಂದೆಯ ಮೇಲೆ ಆಕೆಗೆ ಹಿಂಸೆ ಕೊಟ್ಟ, ಆಕೆಯ ಸಾವಿಗೆ ಕಾರಣನಾದ ಆರೋಪವಿತ್ತು. ಕೆಳಗಿನ ಕೋರ್ಟೂ ಹೈಕೋರ್ಟೂ ತಂದೆಯೇ ಪಾಲಕನೆಂದು ಹುಡುಗನನ್ನು ಅವನಿಗೆ ಕೊಡಲು ಹೇಳಿದ್ದವು. 2008ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಅಂಥ ಆರೋಪವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮಗುವಿನ ಹಿತ ನಿರ್ಧರಿಸಲಾಗದು ಎಂದು ಹೇಳಿ, ಹುಡುಗನ ಇಷ್ಟವನ್ನೂ ಕೇಳಿ, ತಾಯಿಯ ತಂದೆ-ತಾಯಿಯರ ಹತ್ತಿರವೇ ಇರಲು ಬಿಟ್ಟಿತು. ಅವ್ವನಿಗೆ ಬೀಳುವ ಪೆಟ್ಟನ್ನು ನೋಡುವ ಮಗುವಿಗೂ ಆ ಪೆಟ್ಟು ಬೀಳುತ್ತದೆ. ದೂರು ಕೊಡುವಾಗ, ದವಾಖಾನೆಯಲ್ಲಿ ಗಾಯ ತೋರಿಸುವಾಗ, ಮಗು ಎದುರಿಗೆ ಇತ್ತು ಎಂಬುದನ್ನೂ ಬರೆಸಿ.

ಈಗ ನಿಮಗೆ ಅಷ್ಟು ರುಚಿಸದ ಮಾತು. ಹೊಡೆಯದ, ಕುಡಿದು ಬರದ, ಮಗುವಿನ ಮೇಲೆ ಜೀವ ಇಟ್ಟ ತಂದೆಯೂ ಇರುತ್ತಾನೆ. ಗಂಡ-ಹೆಂಡತಿ ಕೂಡಿ ಬಾಳಲಿಲ್ಲವೆಂದು ಆತ ತಂದೆಯಲ್ಲದೆ ಹೋಗುವುದಿಲ್ಲ. ಮಗುವಿಗೆ ಇಬ್ಬರ ಪ್ರೀತಿಯ ಹಕ್ಕೂ ಇದೆ ಎಂದು ಕೋರ್ಟುಗಳು ಹೇಳುತ್ತಿವೆ. ನಮ್ಮ ಕರ್ನಾಟಕ ಹೈಕೋರ್ಟು 2013ರ ಒಂದು ತೀರ್ಪಿನಲ್ಲಿ ವರ್ಷದ ಮೊದಲ ಆರು ತಿಂಗಳು ತಂದೆಯ ಹತ್ತಿರ, ಮುಂದಿನ ಆರು ತಿಂಗಳು ತಾಯಿಯ ಹತ್ತಿರ ಎಂದು ಹಂಚಿ, ಮಗು ಒಬ್ಬರ ಹತ್ತಿರ ಇದ್ದಾಗ ಇನ್ನೊಬ್ಬರು ಶನಿವಾರ-ಭಾನುವಾರ ನೋಡಬಹುದು, ಖರ್ಚು ಇಬ್ಬರೂ ಸಮ ಹೊರಬೇಕು ಎಂದಿತು. ಇದು ಎಲ್ಲರಿಗೂ ಒಪ್ಪುವ ನಿಯಮವಲ್ಲ. ರೋಣದಲ್ಲಿ ಅರ್ಧ ವರ್ಷ, ಗೋವಾದಲ್ಲಿ ದುಡಿಯುವ ತಂದೆಯ ಹತ್ತಿರ ಅರ್ಧ ವರ್ಷ ಎಂದರೆ ಮಗುವಿನ ಶಾಲೆ ಏನಾಗಬೇಕು? ಹೊಡೆತ ಇದ್ದ ಮನೆಯಲ್ಲಂತೂ ಈ ಸಮಪಾಲಿನ ಮಾತು ಅಪಾಯಕಾರಿ. ಆದರೆ ಅಪಾಯವಿಲ್ಲದಲ್ಲಿ ಸೇಡಿಗಾಗಿ ಭೇಟಿ ತಪ್ಪಿಸಬೇಡಿ. ಮೂರು ವರ್ಷದ ಮಗನನ್ನು ಬಾಗಿಲ ಹಿಂದೆ ಇಟ್ಟುಕೊಂಡ ಆ ಅತ್ತೆ ಮಾಡಿದ್ದನ್ನೇ ನಾವೂ ಮಾಡಿದಂತಾಗುತ್ತದೆ.

ಭೇಟಿಗೆ ಒಪ್ಪುವಾಗ "ಆಗಾಗ ಬಂದು ನೋಡಲಿ" ಎಂದು ಬರೆಸಬೇಡಿ. ಜಗಳ ಹುಟ್ಟುವುದೇ ಆ 'ಆಗಾಗ'ದಲ್ಲಿ. ಯಾವ ವಾರ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಎಲ್ಲಿ, ಕರೆತರುವವರು ಯಾರು, ತಿರುಗಿ ಬಿಡುವವರು ಯಾರು ಎಂದು ಬರೆಸಿ. ಪಂಚಮಿಗೆ ಎಲ್ಲಿ, ದೀಪಾವಳಿಗೆ ಎಲ್ಲಿ, ದಸರೆ ರಜೆ ಯಾರಿಗೆ, ಬೇಸಿಗೆ ರಜೆ ಎಷ್ಟೆಷ್ಟು ದಿನ ಎಂದು ಬರೆಸಿ. ದೂರ ಊರಲ್ಲಿ ದುಡಿಯುವವನಾದರೆ ವಾರಕ್ಕೆ ಎಷ್ಟು ಸಲ ಫೋನು, ವಿಡಿಯೋ ಕರೆ ಎಂಬುದನ್ನೂ ಬರೆಸಿ. ಹೆದರಿಕೆ ಇದ್ದರೆ, ಭೇಟಿ ಕೋರ್ಟಿನ ಆವರಣದಲ್ಲೋ ಇನ್ನೊಬ್ಬರ ಎದುರಿಗೋ ಆಗಲಿ ಎಂದು ಕೇಳಿ. ನೋಡಲು ಒಯ್ದವನು ಮಗುವನ್ನು ತಿರುಗಿ ಕಳಿಸದಿದ್ದರೆ ಅಣ್ಣ-ತಮ್ಮಂದಿರನ್ನು ಕಟ್ಟಿಕೊಂಡು ಎತ್ತಿ ತರಲು ಹೋಗಬೇಡಿ. ಮರುದಿನವೇ ಆದೇಶದ ಪ್ರತಿ ಹಿಡಿದು ವಕೀಲರ ಹತ್ತಿರ ಹೋಗಿ. ಮಗುವನ್ನು ಬೇಕಾಯದೆಯಾಗಿ ಬಚ್ಚಿಟ್ಟಿದ್ದರೆ ಧಾರವಾಡದ ಹೈಕೋರ್ಟು ಪೀಠದಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿಗೂ ದಾರಿ ಇದೆ. ಮತ್ತು ಕಸ್ಟಡಿಯ ಯಾವ ಆದೇಶವೂ ಕೊನೆಯದಲ್ಲ; ಮಗು ಬೆಳೆದಂತೆ, ಸ್ಥಿತಿ ಬದಲಾದಂತೆ ಬದಲಿಸಿಕೊಡಿ ಎಂದು ಕೇಳಬಹುದು.

ಸಂಘ ಏನು ಮಾಡಬೇಕು? ಸಾಲ-ಉಳಿತಾಯದ ಲೆಕ್ಕವನ್ನು ನೀವು ಪೈಸೆ ತಪ್ಪದೆ ಬರೆಯುತ್ತೀರಿ. ಅದೇ ಕೈಯಿಂದ ಇದನ್ನೂ ಬರೆಯಿರಿ. ಸದಸ್ಯೆ ಪೆಟ್ಟು ತಿಂದು ಬಂದ ದಿನ, ತಾರೀಖು, ಮಗು ಎಲ್ಲಿತ್ತು, ಯಾರು ಇಟ್ಟುಕೊಂಡರು, ಎಲ್ಲವನ್ನೂ ಆಕೆಯ ಒಪ್ಪಿಗೆ ಕೇಳಿ ನಡಾವಳಿ ಪುಸ್ತಕದಲ್ಲಿ ದಾಖಲಿಸಿ. ಮಕ್ಕಳ ಜನನ ಪತ್ರ, ತಾಯಿ ಕಾರ್ಡು, ಆಧಾರ್, ಶಾಲೆಯ ಕಾಗದ, ಇವುಗಳ ಒಂದೊಂದು ಝೆರಾಕ್ಸು ತವರಿನಲ್ಲೋ ಸಂಘದ ಪೆಟ್ಟಿಗೆಯಲ್ಲೋ ಇರಲಿ. ಹೊರಡುವ ರಾತ್ರಿ ಕಾಗದ ಹುಡುಕಲು ಆಗುವುದಿಲ್ಲ. ಕೋರ್ಟಿನ ತಾರೀಖಿಗೆ ಆಕೆಯ ಜೊತೆ ಇಬ್ಬರು ಹೋಗಿ. 2023ರಿಂದ ನಮಗೆ ಸರಕಾರಿ ಬಸ್ಸಿನ ಚಾರ್ಜಿನ ನೆಪವೂ ಇಲ್ಲ. ಹಿರಿಯರ ಪಂಚಾಯಿತಿಗೆ ಕರೆದರೆ ನಿಮ್ಮಲ್ಲಿ ನಾಲ್ಕು ಮಂದಿ ಹೋಗಿ ಕೂತು, "ಮಗುವಿಗೆ ಯಾವುದು ಒಳ್ಳೇದು, ಅದನ್ನ ಮೊದಲ ಮಾತಾಡ್ರಿ" ಎನ್ನಿ.

ಎಲ್ಲಕ್ಕಿಂತ ಮುಖ್ಯ, ತಡೆಯಬೇಡಿ, ತಡೆ ಎಂದು ಯಾರಿಗೂ ಹೇಳಬೇಡಿ. ಮಗು ಒಂದು ಕಡೆ ಆರು ತಿಂಗಳು, ವರ್ಷ ಉಳಿಯಿತೆಂದರೆ ಅದು ಅಲ್ಲಿಯೇ ರೂಢಿಯಾಗುತ್ತದೆ, ಕೋರ್ಟೂ ಅದನ್ನೇ ನೋಡುತ್ತದೆ. ಸಂಧಾನ ನಡೆಯಲಿ, ಬೇಡವೆನ್ನುವುದಿಲ್ಲ. ಅರ್ಜಿ ಹಾಕಿ ಸಂಧಾನಕ್ಕೆ ಕೂಡಿ.

ನಮ್ಮ ಓಣಿಯ ಆ ಹೆಣ್ಣುಮಗಳು ಇವತ್ತಿಗೂ ಇದ್ದಾಳೆ. ಮಗಳನ್ನು ಓದಿಸಿದಳು, ಮದುವೆ ಮಾಡಿದಳು, ಅಜ್ಜಿಯಾಗಿದ್ದಾಳೆ. ನಾನು ಒಂದು ದಿನ ಅವಳ ಮುಂದೆ ನನ್ನ ತಪ್ಪನ್ನು ಒಪ್ಪಿಕೊಂಡೆ. ಅವಳು ನನಗೆ ಬೈಯಲಿಲ್ಲ. "ಹೋಗ್ಲಿ ಬಿಡ್ರಿ ಅಕ್ಕಾರ. ಇನ್ನೊಬ್ಬಾಕಿ ಬಂದು ಕೇಳಿದ್ರ ಮಾತ್ರ ಪೂರ್ತಿ ಹೇಳ್ರಿ" ಎಂದಳು. ಇವತ್ತು ಪೂರ್ತಿ ಹೇಳಿದ್ದೇನೆ. ನೀವು ಊರಿಗೆ ಹೋಗಿ, ಬರಲಾಗದೆ ಮನೆಯಲ್ಲಿ ಉಳಿದವಳಿಗೆ ಹೇಳಿ.